ಮೇಷ್ಟರ ಹೊತ್ತು

ಪ್ರತಿ ವರ್ಷ ಸೆಪ್ಟೆಂಬರ್ ಐದನೆಯ ತಾರೀಖು ನಮ್ಮಂಥವರನ್ನು ವೇದಿಕೆಯ ಮೇಲೆ ಕೂರಿಸಿ, ಕೊರಳಿಗೆ ಹಾರ ಹಾಕಿ, ಹೆಗಲಿಗೆ ಶಾಲು ಹೊದಿಸಿ, ಸಾಕ್ಷಾತ್ ದೇವರೆಂದು ಕರೆಯುತ್ತಾರೆ. ಕರೆಯುವವರ ಮನಸ್ಸು ಒಳ್ಳೆಯದು, ಅದರಲ್ಲಿ ಸಂದೇಹವಿಲ್ಲ. ಆದರೆ ಈ ಹೊಗಳಿಕೆಗೆ ಒಂದು ಬೆಲೆಯುಂಟು. ಅದನ್ನು ಆರನೆಯ ತಾರೀಖಿನಿಂದ ತೆರಬೇಕಾಗುತ್ತದೆ. ಮನುಷ್ಯನಾದವನಿಗೆ ಹಸಿವು, ನಿದ್ದೆ, ಹೆಂಡತಿ ಮಕ್ಕಳು, ಮೊಣಕಾಲು ನೋವು ಎಲ್ಲ ಇರುತ್ತವೆ. ದೇವರಿಗೆ ಇವು ಇರಕೂಡದು. ದೇವರಾದವನು 'ಈ ಹೊತ್ತಿಗೆ ಸಾಕು, ಉಳಿದದ್ದು ನಾಳೆ' ಎಂದರೆ ಭಕ್ತರಿಗೆ ಆಘಾತವಾಗುತ್ತದೆ. ವಿಚಿತ್ರವೆಂದರೆ, ನಿಜವಾದ ದೇವರಿಗೆ ನಮ್ಮ ಜನ ಈ ಕಷ್ಟವನ್ನು ಕೊಟ್ಟಿಲ್ಲ. ನಮ್ಮ ಎಷ್ಟೋ ದೇವಸ್ಥಾನಗಳಲ್ಲಿ ರಾತ್ರಿಯ ಪೂಜೆಯಾದ ಮೇಲೆ ಶಯನೋತ್ಸವವುಂಟು, ಗರ್ಭಗುಡಿಯ ಬಾಗಿಲು ಹಾಕುವ ಹೊತ್ತುಂಟು. ಬಾಗಿಲು ಹಾಕಿದ್ದಕ್ಕಾಗಿ ದೇವರನ್ನು ಕರ್ತವ್ಯಭ್ರಷ್ಟನೆಂದು ಯಾರೂ ಜರಿದದ್ದನ್ನು ನಾನು ಕೇಳಿಲ್ಲ.

ಕೆಲಸ ಮೈಮೇಲೆ ಬಿದ್ದ ಕಾಲದಲ್ಲಿ ಮೇಷ್ಟರಾದವರು ತಮ್ಮ ಹೊತ್ತಿಗೆ ಒಂದು ಎಲ್ಲೆಯನ್ನು ಹಾಕಿಕೊಳ್ಳಬಹುದೆ? ಹಾಕಿಕೊಂಡರೆ ಅದು ಧರ್ಮವೊ, ಮೈಗಳ್ಳತನಕ್ಕೆ ಕೊಟ್ಟ ಚಂದದ ಹೆಸರೊ? ಈ ಪ್ರಶ್ನೆ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಪ್ರತಿ ಬೇಸಗೆಗೆ ಮುಂಚೆ ಏಳುತ್ತದೆ, ಚಹಾದೊಡನೆ ಆರಿಹೋಗುತ್ತದೆ. ಹಿರಿಯರು ಕೆಲವರು, 'ನಮ್ಮ ಕಾಲದಲ್ಲಿ ಗಡಿಯಾರ ನೋಡಿ ಪಾಠ ಮಾಡಿದವರಿಲ್ಲ' ಎನ್ನುತ್ತಾರೆ. ಕಿರಿಯರು ಕೆಲವರು, 'ಸಂಬಳಕ್ಕೆ ತಕ್ಕ ಕೆಲಸ, ಗಂಟೆಗೆ ತಕ್ಕ ಮನೆ' ಎನ್ನುತ್ತಾರೆ. ಮೂವತ್ತು ವರ್ಷದ ಹತ್ತಿರ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೆ ಎರಡು ಮಾತಿನಲ್ಲಿಯೂ ಅರ್ಧ ನಿಜ ಕಾಣುತ್ತದೆ. ಉಳಿದರ್ಧವನ್ನು ಹುಡುಕುವುದಕ್ಕೆ ಈ ಲೇಖನ.

ಮೊದಲು ಈ ಕಾಲವೆಂದರೆ ಏನೆಂಬುದನ್ನು ಹೊರಗಿನವರಿಗೆ ಹೇಳಬೇಕು. ರೈತನಿಗೆ ಸುಗ್ಗಿಯಿರುವಂತೆ ನಮಗೂ ಒಂದು ಸುಗ್ಗಿಯಿದೆ. ಸಂಕ್ರಾಂತಿಯ ಎಳ್ಳು ಬಾಯಲ್ಲಿರುವಾಗಲೇ ಅದು ಆರಂಭವಾಗುತ್ತದೆ. ಹತ್ತನೆಯ ತರಗತಿಯವರಿಗೆ ಪೂರ್ವಸಿದ್ಧತಾ ಪರೀಕ್ಷೆಗಳು, ಬೆಳಗ್ಗೆ ಶಾಲೆಗೆ ಮುಂಚೆ ವಿಶೇಷ ತರಗತಿ, ಸಂಜೆ ಮತ್ತೊಂದು, ಕೆಲವು ಕಡೆ ರಾತ್ರಿಯ ಓದು. ಹುಡುಗರು ಓದುತ್ತಿದ್ದಾರೊ ಇಲ್ಲವೊ ಎಂದು ಮನೆಮನೆಗೆ ಹೋಗಿ ನೋಡುವುದು. ಬೆಳಗಿನ ಐದು ಗಂಟೆಗೆ ಫೋನು ಮಾಡಿ ಅವರನ್ನು ಎಬ್ಬಿಸುವುದು. ಶೇಕಡಾ ನೂರು ಫಲಿತಾಂಶವೆಂಬ ಒಂದು ಪತಾಕೆ ಎಲ್ಲರ ತಲೆಯ ಮೇಲೂ ಹಾರುತ್ತಿರುತ್ತದೆ. ೨೦೨೪ ಮತ್ತು ೨೦೨೫ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಯಿತು. ಸೋತ ಮಕ್ಕಳಿಗೆ ಅದೇ ವರ್ಷ ಮತ್ತೆ ಅವಕಾಶ ಸಿಕ್ಕಿತೆಂಬುದು ಸಂತೋಷದ ವಿಷಯ. ಆದರೆ ಸುಗ್ಗಿ ಮುಗಿದು ಕಣ ಗುಡಿಸುವ ಹೊತ್ತಿಗೆ ಮತ್ತೊಂದು ಸುಗ್ಗಿ ಬಂದು ನಿಂತಿತೆಂಬುದೂ ನಿಜ.

ಇದರ ಜೊತೆಗೆ ಮೊಬೈಲು ಬಂದಿದೆ. ಹಿಂದೆ ಮೇಲಿನ ಕಚೇರಿಗೆ ಒಂದು ಅಂಕಿಅಂಶ ಬೇಕಾದರೆ ಟಪಾಲು ಬರಬೇಕಾಗಿತ್ತು; ಟಪಾಲಿನವನಿಗೆ ಭಾನುವಾರವಿತ್ತು. ಈಗ ರಾತ್ರಿ ಹತ್ತೂವರೆಗೆ ವಾಟ್ಸಾಪಿನಲ್ಲಿ ಸಂದೇಶ ಬರುತ್ತದೆ: ಇಂತಿಷ್ಟು ಮಕ್ಕಳಲ್ಲಿ ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ನಾಳೆ ಬೆಳಗ್ಗೆ ಒಂಬತ್ತರೊಳಗೆ ತುಂಬಿ ಕಳಿಸುವುದು. 'ತುರ್ತು' ಎಂಬ ಪದವನ್ನು ಪ್ರತಿದಿನವೂ ಬಳಸಿ ಬಳಸಿ ಅದು ಹಳೆಯ ನಾಲ್ಕಾಣೆಯಂತೆ ಸವೆದುಹೋಗಿದೆ. ಸವೆದ ನಾಣ್ಯವನ್ನು ಅಂಗಡಿಯವನು ತೆಗೆದುಕೊಳ್ಳುವುದಿಲ್ಲ. ಈ ಪದವನ್ನು ಮಾತ್ರ ನಾವು ತೆಗೆದುಕೊಳ್ಳಲೇಬೇಕು.

ಈ ಕೆಲಸಗಳನ್ನೆಲ್ಲ ಒಂದೇ ರಾಶಿಯಾಗಿ ನೋಡಿದರೆ ದಾರಿ ಕಾಣುವುದಿಲ್ಲ; ಸ್ವಲ್ಪ ಕೇರಿ ನೋಡಬೇಕು. ಒಂದು, ಪಾಠ ಹೇಳುವುದು. ಎರಡು, ಪಾಠಕ್ಕೆ ಸೇರಿದ್ದು: ಓದಿಕೊಂಡು ಬರುವುದು, ಪ್ರಶ್ನೆಪತ್ರಿಕೆ ಬರೆಯುವುದು, ಉತ್ತರ ತಿದ್ದುವುದು, ಹಿಂದುಳಿದ ಮಗುವಿನ ಪಕ್ಕದಲ್ಲಿ ಕೂರುವುದು. ಮೂರು, ಮೇಷ್ಟರು ಕೈಗೆ ಸಿಗುತ್ತಾರೆಂಬ ಒಂದೇ ಕಾರಣಕ್ಕೆ ಅವರ ಪಾಲಿಗೆ ಬರುವುದು. ಮೂರನೆಯದರ ವಿಷಯದಲ್ಲಿ ಕಾನೂನು ಮೌನವಾಗಿಲ್ಲ. ೨೦೦೭ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಚುನಾವಣೆಯ ಕೆಲಸಕ್ಕೆ ಶಿಕ್ಷಕರನ್ನು ರಜಾದಿನಗಳಲ್ಲಿ ಬಳಸಿಕೊಳ್ಳಬೇಕು, ಪಾಠದ ದಿನ ಪಾಠದ ಹೊತ್ತಿನಲ್ಲಿ ಸಾಮಾನ್ಯವಾಗಿ ಕರೆಯಬಾರದು ಎಂದು ಹೇಳಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೨೭ನೆಯ ಕಲಮು, ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಿಷ್ಟನ್ನು ಬಿಟ್ಟು ಶಿಕ್ಷಣಕ್ಕೆ ಸೇರದ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಕೂಡದೆಂದು ಗೆರೆ ಎಳೆಯಿತು. ಅದೇ ಕಾಯಿದೆಯ ಅನುಸೂಚಿ ಒಂದರಿಂದ ಎಂಟನೆಯ ತರಗತಿಯವರೆಗೆ ಕಲಿಸುವವರಿಗೆ ವಾರಕ್ಕೆ ಕನಿಷ್ಠ ೪೫ ಗಂಟೆ ಎಂದು ಗೊತ್ತುಮಾಡಿ, ಆ ೪೫ರಲ್ಲಿ ಸಿದ್ಧತೆಯ ಹೊತ್ತೂ ಸೇರಿದೆಯೆಂದು ಹೇಳುತ್ತದೆ. ಅದಕ್ಕೂ ಎಷ್ಟೋ ಮುಂಚೆ, ೧೯೬೬ರ ಅಕ್ಟೋಬರ್ ೫ರಂದು ಪ್ಯಾರಿಸ್ಸಿನಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಶಿಕ್ಷಕರ ಸ್ಥಾನಮಾನವನ್ನು ಕುರಿತು ಒಂದು ಶಿಫಾರಸನ್ನು ಅಂಗೀಕರಿಸಿದರು. ಕೆಲಸದ ಗಂಟೆಗಳನ್ನು ಎಣಿಸುವಾಗ ಪಾಠದ ಸಿದ್ಧತೆಯನ್ನೂ ಉತ್ತರ ತಿದ್ದುವ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದರಲ್ಲಿದೆ. ಮೇಷ್ಟರ ಕೆಲಸ ಗಂಟೆ ಹೊಡೆದಾಗ ಮುಗಿಯುವುದಿಲ್ಲವೆಂಬುದನ್ನು ಲೋಕ ಒಪ್ಪಿ ಬಹಳ ಕಾಲವಾಯಿತು.

ಹಾಗೆಂದು ಮೂರನೆಯ ಬಗೆಯ ಕೆಲಸವನ್ನು ಹೀನವೆಂದು ಹೇಳುವವನು ನಾನಲ್ಲ. ೨೦೧೫ರಲ್ಲಿ ಒಮ್ಮೆ, ೨೦೨೫ರ ಸೆಪ್ಟೆಂಬರ್ ೨೨ರಿಂದ ಮತ್ತೊಮ್ಮೆ, ನಮ್ಮ ರಾಜ್ಯದಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರು ಮನೆಮನೆಯ ಮೆಟ್ಟಿಲು ಹತ್ತಿದರು. ಯಾರಿಗೂ ತೆರೆಯದ ಎಷ್ಟೋ ಬಾಗಿಲುಗಳು ಮೇಷ್ಟರೆಂದು ತಿಳಿದಾಗ ತೆರೆದವು. ನೀರು ಕೊಟ್ಟವರುಂಟು, ಮಜ್ಜಿಗೆ ಕೊಟ್ಟವರುಂಟು. ಇದು ಸಣ್ಣ ಗೌರವವಲ್ಲ. ಆದರೆ ಎರಡನೆಯ ಸಲ ಸಮೀಕ್ಷೆ ಹೇಳಿದ ದಿನಕ್ಕೆ ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ ೧೮ರವರೆಗೆ ಬೆಳೆಸಬೇಕಾಯಿತು. ಹೀಗೆ ಹೋದ ದಿನಗಳು ಮೇಷ್ಟರ ಖಾತೆಯಿಂದ ಮಾತ್ರ ಹೋಗಲಿಲ್ಲ, ಮಕ್ಕಳ ಖಾತೆಯಿಂದಲೂ ಹೋದವು. 'ನಿಮ್ಮ ಹೊತ್ತನ್ನು ಸ್ವಲ್ಪ ಕೊಡಿ' ಎಂದು ನಮ್ಮನ್ನು ಕೇಳುವವರು ಈ ಎರಡನೆಯ ಖಾತೆಯನ್ನು ಸಾಮಾನ್ಯವಾಗಿ ನೋಡುವುದಿಲ್ಲ. ನಾನು 'ಆಗಲಿ' ಎಂದ ಪ್ರತಿಯೊಂದು ಮಾತಿಗೂ ಎಲ್ಲೋ ಒಬ್ಬರು ಬೆಲೆ ಕಟ್ಟುತ್ತಿರುತ್ತಾರೆ. ಅದು ಎದುರಿಗಿರುವ ಮಗುವಾಗಬಹುದು, ಮನೆಯಲ್ಲಿ ಕಾದಿರುವ ವಯಸ್ಸಾದ ತಾಯಿಯಾಗಬಹುದು. ಕೊಡುವವನು ಉದಾರಿಯೆನಿಸಿಕೊಳ್ಳುತ್ತಾನೆ, ತೆರುವವರ ಹೆಸರು ಎಲ್ಲಿಯೂ ಬರುವುದಿಲ್ಲ.

ಇನ್ನು ಎರಡನೆಯ ಬಗೆಯ ಕೆಲಸಕ್ಕೆ ಬರೋಣ. ನಿಜವಾದ ಕಷ್ಟವಿರುವುದು ಇಲ್ಲಿ. ಏಕೆಂದರೆ ಇದು ನಮ್ಮದೇ ಕೆಲಸ, ಇದನ್ನು ಬೇಡವೆನ್ನುವಂತಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ. ಮೂರು ವಿಭಾಗ, ವಿಭಾಗಕ್ಕೆ ಐವತ್ತು ಮಕ್ಕಳು, ನೂರೈವತ್ತು ಉತ್ತರಪತ್ರಿಕೆ. ಒಂದಕ್ಕೆ ಎಂಟು ನಿಮಿಷ ಹಿಡಿದರೂ ಇಪ್ಪತ್ತು ಗಂಟೆಯಾಯಿತು. ಕನ್ನಡದ ಪತ್ರಿಕೆಯಲ್ಲಿ ಪ್ರಬಂಧವೂ ಇರುತ್ತದೆ. ಎಂಟು ನಿಮಿಷವೆಂದರೆ ಕೈಬಿಗಿಯಾಗಿಯೇ ಹೇಳಿದಂತೆ. ಇದನ್ನು ಹಗಲು ಪಾಠ ಮಾಡಿ, ಸಂಜೆ ವಿಶೇಷ ತರಗತಿ ಮುಗಿಸಿ, ರಾತ್ರಿ ಊಟವಾದ ಮೇಲೆ ಎರಡು ದಿನದಲ್ಲಿ ಮುಗಿಸಿ ಅಂಕಗಳನ್ನು ಗಣಕದಲ್ಲಿ ತುಂಬಬೇಕೆಂದರೆ ಏನಾಗುತ್ತದೆ? ಮೊದಲ ಇಪ್ಪತ್ತು ಪತ್ರಿಕೆಗಳನ್ನು ಮೇಷ್ಟರು ಓದುತ್ತಾರೆ. ನಡುವಿನವನ್ನು ಕಣ್ಣು ಓದುತ್ತದೆ. ಕೊನೆಯವನ್ನು ಕೆಂಪು ಪೆನ್ನು ತಾನೇ ಓದಿಕೊಳ್ಳುತ್ತದೆ. ಆ ಕೊನೆಯ ಕಟ್ಟಿನಲ್ಲಿ ಒಬ್ಬ ಹುಡುಗಿಯಿದ್ದಾಳೆ. ಅಕ್ಷರ ಕೋಳಿ ಕೆದರಿದಂತಿದೆ, ಒತ್ತಕ್ಷರ ತಪ್ಪಿವೆ, ಆದರೆ ತನ್ನ ಅಜ್ಜಿ ರಾಗಿ ಬೀಸುವುದನ್ನು ಕುರಿತು ಅವಳು ಬರೆದಿರುವ ಎರಡು ವಾಕ್ಯ ಇಡೀ ತರಗತಿಯಲ್ಲಿ ಬೇರೆ ಯಾರೂ ಬರೆಯಲಾರದಂಥವು. ಹನ್ನೆರಡು ಗಂಟೆಯ ಕಣ್ಣಿಗೆ ಕಾಣುವುದು ಒತ್ತಕ್ಷರ ಮಾತ್ರ. ಹತ್ತರಲ್ಲಿ ನಾಲ್ಕು ಅಂಕ ಬಿತ್ತು; ಅವಳು ತಾನು ಬರೆಯಲಾರೆನೆಂದು ತೀರ್ಮಾನಿಸಿದಳು. ಇದರಲ್ಲಿ ಮೇಷ್ಟರ ಸೋಮಾರಿತನವೆಲ್ಲಿದೆ? ಅವರು ನಿದ್ದೆಗೆಟ್ಟು ದುಡಿದಿದ್ದಾರೆ. ಆದರೂ ಅನ್ಯಾಯ ನಡೆದುಹೋಯಿತು.

ಆದ್ದರಿಂದ ನನಗೆ ತೋರುವುದು ಇದು: ಹೊತ್ತಿಗೆ ಹಾಕಿಕೊಳ್ಳುವ ಎಲ್ಲೆ ಮೊದಲನೆಯದಾಗಿ ಮೇಷ್ಟರ ಸುಖಕ್ಕೆ ಸೇರಿದ ವಿಷಯವಲ್ಲ, ನೂರೈವತ್ತನೆಯ ಮಗುವಿಗೆ ಸಲ್ಲಬೇಕಾದ ನ್ಯಾಯ. ರಾತ್ರಿ ಮೂವತ್ತು ಪತ್ರಿಕೆಗೆ ಮೇಲೆ ತಿದ್ದುವುದಿಲ್ಲವೆಂದು ನಾನು ಇಟ್ಟುಕೊಂಡಿರುವ ನಿಯಮಕ್ಕೆ ಇದೇ ಕಾರಣ. ಕಟ್ಟು ಮುಗಿಯಲು ಐದು ದಿನ ಬೇಕೆಂದು ಮೊದಲೇ ಹೇಳುತ್ತೇನೆ. ಎರಡು ದಿನದಲ್ಲಿ ಕೊಡಿರೆಂದರೆ, ಕೊಡಬಹುದು, ಆದರೆ ಆಗ ಅವು ಅಂಕಗಳಾಗಿರುವುದಿಲ್ಲ, ಬರಿಯ ಅಂಕಿಗಳಾಗಿರುತ್ತವೆ ಎಂದು ವಿನಯದಿಂದಲೇ ಉತ್ತರ ಹೇಳಿದ್ದೇನೆ. ಕೋಪ ಮಾಡಿಕೊಂಡವರುಂಟು, ಐದು ದಿನ ಕೊಟ್ಟವರೂ ಉಂಟು.

ಇಲ್ಲಿ ನಮ್ಮ ನೆಲದ ಒಂದು ಹಳೆಯ ಕಥೆ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣದಂಪತಿಗಳಿದ್ದರು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಶರಣರ ಮಾತಿನ ರುಚಿಯಲ್ಲಿ ಮೈಮರೆತು ಕುಳಿತುಬಿಟ್ಟ. ಲಕ್ಕಮ್ಮ ಬಂದು, ಕಾಯಕ ನಿಂತುಹೋಯಿತು, ಏಳು ಎಂದು ಎಚ್ಚರಿಸಿದಳು. ಅವನು ಅವಸರದಲ್ಲಿ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ನಮಗೆ ಸಲ್ಲುವಷ್ಟೇ ನಮಗೆ ಸಾಕು, ಮಿಕ್ಕದ್ದನ್ನು ತಂದಲ್ಲಿಗೇ ಹಾಕಿ ಬಾ ಎಂದು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ಸಾಮಾನ್ಯವಾಗಿ ಆಸೆಯನ್ನು ಗೆಲ್ಲುವುದಕ್ಕೆ ದೃಷ್ಟಾಂತವಾಗಿ ಹೇಳುತ್ತಾರೆ. ನನ್ನ ಗಮನ ಹೋಗುವುದು ಬೇರೆ ಕಡೆಗೆ. 'ಏಳು' ಎಂದವಳೂ ಅವಳೇ, 'ಸಾಕು' ಎಂದವಳೂ ಅವಳೇ. ಎರಡನ್ನೂ ಅವಳು ಕಾಯಕದ ಹೆಸರಿನಲ್ಲಿಯೇ ಹೇಳಿದಳು. ಕಡಮೆ ಮಾಡಿದರೂ ಕಾಯಕ ಕೆಡುತ್ತದೆ, ಮಿತಿಮೀರಿದರೂ ಕೆಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ನಮ್ಮಲ್ಲಿ 'ಏಳು' ಎನ್ನುವವರು ಬೇಕಾದಷ್ಟು ಮಂದಿಯಿದ್ದಾರೆ. ಅದಕ್ಕಾಗಿಯೇ ಸಂಬಳ ಪಡೆಯುವವರೂ ಇದ್ದಾರೆ. 'ಸಾಕು' ಎನ್ನುವವರಿಲ್ಲ. ಹೊರಗಿನವರು ಹೇಳದಿದ್ದರೆ ಆ ಮಾತನ್ನು ನಾವೇ ನಮಗೆ ಹೇಳಿಕೊಳ್ಳಬೇಕು. ಆದರೆ ಲಕ್ಕಮ್ಮನ ಕಥೆ ನಮಗೊಂದು ಷರತ್ತನ್ನೂ ಹಾಕುತ್ತದೆ. 'ಏಳು' ಎಂದು ತನಗೆ ತಾನು ಹೇಳಿಕೊಳ್ಳಲಾರದವನಿಗೆ 'ಸಾಕು' ಎನ್ನುವ ಅಧಿಕಾರವಿಲ್ಲ. ತರಗತಿಯಲ್ಲಿ ಕಾಲು ಗಂಟೆ ತಡವಾಗಿ ಕಾಲಿಟ್ಟು, ಹಳೆಯ ಟಿಪ್ಪಣಿಯನ್ನೇ ಓದಿ ಹೇಳಿ, ನಾಲ್ಕು ಗಂಟೆಗೆ ಚೀಲ ಹೆಗಲಿಗೇರಿಸುವವನು ನನ್ನ ಎಲ್ಲೆ, ನನ್ನ ಹಕ್ಕು ಎಂದರೆ ಅದಕ್ಕೆ ಬೇರೆ ಹೆಸರಿದೆ. ಎಲ್ಲೆಯ ಒಳಗಿನ ಹೊಲವನ್ನು ಉತ್ತವನಿಗೆ ಮಾತ್ರ ಬೇಲಿ ಶೋಭಿಸುತ್ತದೆ.

ಮತ್ತೊಂದು ಷರತ್ತೂ ಉಂಟು. ಇದನ್ನು ಹೇಳುವವರು ಕಡಮೆ. ನಾನು ಹೊತ್ತುಕೊಳ್ಳುವುದಿಲ್ಲವೆಂದು ಇಳಿಸಿದ ಮೂಟೆ ಯಾರ ಹೆಗಲಿಗೆ ಹೋಯಿತೆಂದು ತಿರುಗಿ ನೋಡಬೇಕು. ನಮ್ಮ ಶಾಲೆಗಳಲ್ಲಿ ಅತಿಥಿ ಶಿಕ್ಷಕರೆಂಬ ಒಂದು ವರ್ಗವಿದೆ. ಅತಿಥಿಗಳೆಂಬುದು ಹೆಸರಿಗೆ, ಮನೆಯ ಕಸ ಗುಡಿಸುವ ಅತಿಥಿಗಳನ್ನು ನಾನು ಇಲ್ಲಿ ಮಾತ್ರ ಕಂಡಿದ್ದೇನೆ. ಅವರ ಕೆಲಸ ವರ್ಷದಿಂದ ವರ್ಷಕ್ಕೆ. ಇಲ್ಲವೆಂದರೆ ಮುಂದಿನ ಜೂನಿನಲ್ಲಿ ಕರೆ ಬರುವುದೊ ಇಲ್ಲವೊ ಎಂಬ ಭಯ. ಖಾಯಂ ನೌಕರಿಯ ನಾನು 'ಸಾಕು' ಎಂದು ಮನೆಗೆ ಹೋಗಿ, ಆ ಕೆಲಸ ಇಪ್ಪತ್ತೈದು ವರ್ಷದ ಅತಿಥಿ ಶಿಕ್ಷಕಿಯ ಮೇಜಿಗೆ ಹೋದರೆ ನಾನು ಎಲ್ಲೆ ಹಾಕಿಕೊಂಡಂತಾಗಲಿಲ್ಲ, ನನ್ನ ಬದುವನ್ನು ಅವಳ ಹೊಲದೊಳಕ್ಕೆ ಒತ್ತಿದಂತಾಯಿತು. ಹೆಂಗಸರಾದವರಿಗೆ ಈ ಭಾರ ಇಮ್ಮಡಿ. ಶಾಲೆಯ ಗಂಟೆ ನಿಂತ ಮೇಲೆ ಮನೆಯಲ್ಲಿ ಮತ್ತೊಂದು ಗಂಟೆ ಬಾರಿಸುತ್ತದೆ. ಇಲ್ಲವೆನ್ನುವ ಶಕ್ತಿ ಎಲ್ಲರಿಗೂ ಸಮನಾಗಿ ಹಂಚಿಲ್ಲವಾದ್ದರಿಂದ, ಅದು ಹೆಚ್ಚಾಗಿ ಇರುವವರು ಮೊದಲು ಮಾತಾಡಬೇಕು, ಮತ್ತು ಎಲ್ಲರಿಗೂ ಸೇರಿಸಿ ಮಾತಾಡಬೇಕು. ಹಿರಿಯನೊಬ್ಬ ಸಭೆಯಲ್ಲಿ ಎದ್ದು ನಿಂತು, ರಾತ್ರಿ ಎಂಟರ ಮೇಲೆ ಬಂದ ಸಂದೇಶಕ್ಕೆ ಬೆಳಗ್ಗೆ ಉತ್ತರ ಕೊಡುವುದೆಂದು ಎಲ್ಲರೂ ಗೊತ್ತುಮಾಡೋಣ ಎಂದರೆ, ಆ ಮಾತಿನ ನೆರಳಿನಲ್ಲಿ ಹತ್ತು ಮಂದಿ ಕಿರಿಯರು ನಿಲ್ಲಬಹುದು.

ಈಗ ಕಠಿಣವಾದ ಆಕ್ಷೇಪ. ಮಕ್ಕಳ ಕಷ್ಟ ಗಡಿಯಾರ ನೋಡಿ ಬರುತ್ತದೆಯೆ? ಬಾಗಿಲು ಹಾಕಿದ ಮೇಲೆ ಬಂದು ತಟ್ಟುವ ಮಗುವಿಗೆ ಏನು ಹೇಳುತ್ತೀರಿ?

ನನಗೆ ತಿಳಿದ ಒಬ್ಬ ಶಿಕ್ಷಕಿಯ ಮಾತು ಹೇಳುತ್ತೇನೆ. ಎಂಟು ಗಂಟೆಯ ಮೇಲೆ ಅವರು ಫೋನಿನಲ್ಲಿ ಸಂದೇಶಗಳನ್ನು ನೋಡುವುದಿಲ್ಲ, ಕರೆಗಳನ್ನು ಎತ್ತುವುದಿಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ಮಾತ್ರ ಹೇಳಿದ್ದರು: ಪಾಠದ ಸಂಶಯವಿದ್ದರೆ ನಾಳೆ ಕೇಳಿ, ಜೀವಕ್ಕೆ ಕಷ್ಟ ಬಂದರೆ ಬೆನ್ನಿಗೆ ಬೆನ್ನು ಎರಡು ಸಲ ಕರೆ ಮಾಡಿ, ಎಷ್ಟು ಹೊತ್ತಾದರೂ ಎತ್ತುತ್ತೇನೆ. ಪರೀಕ್ಷೆಗೆ ಒಂದು ತಿಂಗಳಿರುವಾಗ ಒಂದು ರಾತ್ರಿ ಎರಡು ಸಲ ಕರೆ ಬಂತು. ಹುಡುಗಿಯೊಬ್ಬಳ ಮದುವೆಯನ್ನು ಆ ವಾರದಲ್ಲಿಯೇ ಗೊತ್ತುಮಾಡಿದ್ದರು. ಅವಳಿಗೆ ಹದಿನೆಂಟು ತುಂಬಲು ಇನ್ನೂ ಎರಡು ವರ್ಷವಿತ್ತು. ಆಕೆ ೧೦೯೮ಕ್ಕೆ ತಿಳಿಸಿದರು; ಮಾರನೆಯ ದಿನ ತಾವೂ ಆ ಮನೆಗೆ ಹೋಗಿ ತಂದೆತಾಯಿಯ ಎದುರು ಕುಳಿತರು. ಮದುವೆ ನಿಂತಿತು. ಹುಡುಗಿ ಪರೀಕ್ಷೆ ಬರೆದಳು. ಇದನ್ನು ಕೇಳಿದ ಒಬ್ಬರು, ನೋಡಿ, ಮೇಷ್ಟರೆಂದರೆ ಇಪ್ಪತ್ತುನಾಲ್ಕು ಗಂಟೆಯೂ ಸಿದ್ಧವಾಗಿರಬೇಕೆಂಬುದಕ್ಕೆ ಇದೇ ಸಾಕ್ಷಿ ಎಂದರು. ನನಗೆ ಇದು ಬೇರೆ ಮಾತಿಗೆ ಸಾಕ್ಷಿಯಾಗಿ ಕಾಣುತ್ತದೆ. ಆ ರಾತ್ರಿ ಆ ಫೋನಿನಲ್ಲಿ ಮೊಟ್ಟೆಯ ಲೆಕ್ಕ, ಬಾಳೆಹಣ್ಣಿನ ಲೆಕ್ಕ, ಶುಭೋದಯದ ಹೂವಿನ ಚಿತ್ರಗಳು ಕೂಗುತ್ತಿದ್ದರೆ ಆ ಎರಡು ಕರೆಗಳು ನೂರರಲ್ಲಿ ಎರಡಾಗಿ ಮುಳುಗುತ್ತಿದ್ದವು. ಮನೆಯಲ್ಲಿ ಮೌನವಿದ್ದುದರಿಂದ ಕೂಗು ಕೇಳಿಸಿತು.

ನಮ್ಮ ಊರುಗಳ ಹಳೆಯ ಕೆರೆಗಳನ್ನು ಕಟ್ಟಿದವರಿಗೆ ಈ ವಿವೇಕ ಇತ್ತು. ಕೆರೆಗೆ ಏರಿ ಹಾಕಿದರು. ಇಲ್ಲದಿದ್ದರೆ ನೀರು ನಿಲ್ಲುವುದಿಲ್ಲ. ಏರಿಗೆ ತೂಬು ಇಟ್ಟರು. ಇಲ್ಲದಿದ್ದರೆ ನಿಂತ ನೀರು ಗದ್ದೆಗೆ ಹೋಗುವುದಿಲ್ಲ. ಹೆಚ್ಚಾದ ನೀರಿಗೆ ಕೋಡಿ ಬಿಟ್ಟರು. ಇಲ್ಲದಿದ್ದರೆ ದೊಡ್ಡ ಮಳೆಯಲ್ಲಿ ಏರಿಯೇ ಒಡೆದು, ಕೆರೆಯೂ ಹೋಗಿ ಕೆಳಗಿನ ಊರೂ ಹೋಗುತ್ತದೆ. ಏರಿಯಿಲ್ಲದ ಉದಾರತೆ, ತೂಬಿಲ್ಲದ ಶಿಸ್ತು, ಎರಡೂ ಗದ್ದೆಗೆ ಉಪಯೋಗವಿಲ್ಲ. ಆ ಶಿಕ್ಷಕಿಯ ಎರಡು ಕರೆಗಳ ಏರ್ಪಾಡು ಒಂದು ತೂಬು. ಎಲ್ಲಿ ತೆರೆಯಬೇಕು, ಯಾರಿಗೆ ತೆರೆಯಬೇಕು ಎಂಬುದನ್ನು ಅವರು ಮಳೆ ಬರುವ ಮುಂಚೆಯೇ ಯೋಚಿಸಿಟ್ಟಿದ್ದರು. ಸುಗ್ಗಿಯ ನಡುವೆ ಸಿಡುಕಿನಿಂದ ಹಾಕಿದ ಬಾಗಿಲು ಎಲ್ಲೆಯೆನಿಸುವುದಿಲ್ಲ. ಜೂನಿನಲ್ಲಿ ನಗುತ್ತ ಹೇಳಿಟ್ಟ ಮಾತು ಮಾರ್ಚಿಯಲ್ಲಿ ನಿಲ್ಲುತ್ತದೆ.

ಉಳಿಸಿಕೊಂಡ ಹೊತ್ತಿನಲ್ಲಿ ಏನು ಮಾಡಬೇಕೆಂದು ಕೇಳಬಹುದು. ನಿದ್ದೆ ಮಾಡಬಹುದು, ಅದಕ್ಕೆ ಸಮರ್ಥನೆ ಬೇಡ. ಮಗಳ ಜೊತೆ ಚೌಕಾಬಾರ ಆಡಬಹುದು. ಆದರೆ ಮೇಷ್ಟರಾದವರಿಗೆ ಆ ಹೊತ್ತಿನಲ್ಲಿ ಒಂದು ಹಳೆಯ ಸಾಲ ತೀರಿಸುವುದಿದೆ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಒಂದೊಂದು ಸದ್ಗುಣವನ್ನು ಹೇಳಿದಾಗಲೂ ಅದರ ಜೊತೆಗೆ ಸ್ವಾಧ್ಯಾಯ ಪ್ರವಚನಗಳೆರಡನ್ನೂ ಜೋಡಿಯಾಗಿ ಮತ್ತೆ ಮತ್ತೆ ಹೇಳಿದೆ: ತಾನು ಓದುವುದು, ಇತರರಿಗೆ ಓದಿಸುವುದು. ಜೋಡೆತ್ತುಗಳಂತೆ ಅವು ಒಂದೇ ನೊಗಕ್ಕೆ ಕಟ್ಟಿದವು. ಇಂದಿನ ಸುಗ್ಗಿಯಲ್ಲಿ ಎಡದ ಎತ್ತು ಬಿದ್ದುಹೋಗಿ ಬಲದ ಎತ್ತೊಂದೇ ಬಂಡಿ ಎಳೆಯುತ್ತಿದೆ. ವರ್ಷಕ್ಕೊಂದು ಹೊಸ ಪುಸ್ತಕವನ್ನೂ ಓದಲು ಹೊತ್ತಿಲ್ಲದ ಮೇಷ್ಟರಿಂದ ಮಕ್ಕಳು ಓದಿನ ರುಚಿಯನ್ನು ಹೇಗೆ ಕಲಿಯಬೇಕು? ರಾತ್ರಿ ಒಂಬತ್ತಕ್ಕೆ ನಾನು ಒಂದು ಕಾದಂಬರಿ ಹಿಡಿದು ಕುಳಿತರೆ ಶಾಲೆಯ ಕೆಲಸದಿಂದ ತಪ್ಪಿಸಿಕೊಂಡೆನೆಂದು ನನಗೆ ಅನಿಸುವುದಿಲ್ಲ. ನಾಳೆಯ ತರಗತಿಗೆ ಹಿಂದಿನ ಬಾಗಿಲಿನಿಂದ ಒಳಗೆ ಹೋದಂತೆ ಅನಿಸುತ್ತದೆ.

ಕೊನೆಯದಾಗಿ ಒಂದು ಮಾತು. ಮಕ್ಕಳು ನಾವು ಹೇಳಿದ್ದಕ್ಕಿಂತ ನಾವು ಬದುಕುವ ರೀತಿಯನ್ನು ಹೆಚ್ಚು ಎಚ್ಚರದಿಂದ ನೋಡುತ್ತಾರೆ. ಬೆಳಗಿನ ಐದಕ್ಕೆ ಎಬ್ಬಿಸಿ, ರಾತ್ರಿಯವರೆಗೆ ಓದಿಸಿ, ಅದರ ನಡುವೆ ತಾವೂ ಬಾಡಿ ನಿಂತ ಮೇಷ್ಟರನ್ನು ದಿನವೂ ಕಂಡ ಹುಡುಗ, ದಣಿವೇ ಯೋಗ್ಯತೆಯ ಗುರುತೆಂದು ಕಲಿತುಕೊಳ್ಳುತ್ತಾನೆ. ಮುಂದೆ ಯಾವ ಕಾರ್ಖಾನೆಗೆ, ಯಾವ ಕಚೇರಿಗೆ ಹೋದರೂ ಆ ಪಾಠ ಅವನ ಜೊತೆ ಹೋಗುತ್ತದೆ. ಅಲ್ಲಿ ಅದನ್ನು ಬಳಸಿಕೊಳ್ಳುವವರು ಕಾದಿರುತ್ತಾರೆ. ಮನಸ್ಸಿಟ್ಟು ಕೆಲಸ ಮಾಡುವುದು ಹೇಗೆಂದು ಕಲಿಸುವ ಮೇಷ್ಟರು, ಅದನ್ನು ಮುಗಿಸಿ ಏಳುವುದು ಹೇಗೆಂಬುದನ್ನೂ ಕಲಿಸಬೇಕಲ್ಲವೆ? ಪಠ್ಯಪುಸ್ತಕದಲ್ಲಿ ಅದಕ್ಕೆ ಪಾಠವಿಲ್ಲ. ಸಂಜೆ ಕನ್ನಡಕವನ್ನು ಡಬ್ಬಿಯಲ್ಲಿಟ್ಟು, ಮಿಕ್ಕ ಪತ್ರಿಕೆಗಳನ್ನು ದಾರದಿಂದ ಕಟ್ಟಿ ಬೀರುವಿನಲ್ಲಿಟ್ಟು, 'ನಾಳೆ ನೋಡೋಣ, ನೀವೂ ಮನೆಗೆ ಹೋಗಿ' ಎಂದು ಮಕ್ಕಳ ಎದುರಿಗೆ ಹೇಳಿ ಹೊರಟರೆ ಸಾಕು, ಅಂದಿನ ಪಾಠವಾದಂತೆಯೇ.